‘ಅಡಿ ಚದರ’ ಬೇರೆ, ‘ಚದರ ಅಡಿ’ ಬೇರೆ

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಗಳ ಜಾಗ-ಮನೆ ಜಾಹೀರಾತುಗಳಲ್ಲಿ, ಒಮ್ಮೊಮ್ಮೆ ಸುದ್ದಿಗಳಲ್ಲೂ, ‘1200 ಅಡಿ ಚದರದ ಮನೆ’ ಎಂದು ಅಚ್ಚಾಗುವುದುಂಟು. ಬರೆದವರ ಮನಸ್ಸಿನಲ್ಲಿರುವುದು 1200 ಚದರ ಅಡಿ. ಆದರೆ ಅಚ್ಚಾದದ್ದನ್ನು ಇದ್ದ ಹಾಗೆಯೇ ಓದಿದರೆ ಆ ಮನೆಯ ಒಂದೊಂದು ಬದಿ 1200 ಅಡಿ, ವಿಸ್ತೀರ್ಣ 14,40,000 ಚದರ ಅಡಿ, ಅಂದರೆ 33 ಎಕ್ರೆ. ಎರಡೇ ಪದ ಹಿಂದುಮುಂದಾದದ್ದಕ್ಕೆ ಇಷ್ಟು ವ್ಯತ್ಯಾಸ.

ಸಂಖ್ಯೆ ಇಷ್ಟು ದೊಡ್ಡದಾಗಿದ್ದರೆ ಓದುಗರೇ ಮನಸ್ಸಿನಲ್ಲಿ ತಿದ್ದಿಕೊಳ್ಳುತ್ತಾರೆ. ತೊಂದರೆ ಇರುವುದು ಸಣ್ಣ ಸಂಖ್ಯೆಗಳಲ್ಲಿ. ‘10 ಅಡಿ ಚದರದ ಕೋಣೆ’ ಎಂದರೆ 10 ಅಡಿ ಉದ್ದ, 10 ಅಡಿ ಅಗಲ, ಒಟ್ಟು 100 ಚದರ ಅಡಿ. ‘10 ಚದರ ಅಡಿ’ ಎಂದರೆ ಒಂದು ಮಂಚವೂ ಹಿಡಿಸದ ಜಾಗ. ‘ಅರ್ಧ ಅಡಿ ಚದರದ’ ಟೈಲ್ಸ್ ಎರಡು ಸೇರಿದರೆ ಒಂದು ಚದರ ಅಡಿ ಆಗುತ್ತದೆ ಎಂದುಕೊಂಡು ಲೆಕ್ಕ ಹಾಕುವವರಿದ್ದಾರೆ. 6 ಇಂಚು ಉದ್ದ, 6 ಇಂಚು ಅಗಲದ ತುಂಡು ಒಂದು ಚದರ ಅಡಿಯ ಕಾಲು ಭಾಗ ಮಾತ್ರ, ನಾಲ್ಕು ಬೇಕು. ಅಲ್ಲಿಗೆ ಬೇಕಾದುದರಲ್ಲಿ ಅರ್ಧದಷ್ಟು ಮಾತ್ರ ಮನೆಗೆ ಬಂತು.

ನಿಯಮ ಇಷ್ಟೇ. ‘ಚದರ’ ಮೊದಲು ಬಂದು ಅಳತೆ ಆಮೇಲೆ ಬಂದರೆ ಅದು ವಿಸ್ತೀರ್ಣ: ಚದರ ಅಡಿ, ಚದರ ಮೀಟರ್, ಚದರ ಕಿಲೋಮೀಟರ್. ಅಳತೆ ಮೊದಲು ಬಂದು ‘ಚದರ’ ಆಮೇಲೆ ಬಂದರೆ ಅದು ಆಕಾರ: ಅಷ್ಟು ಅಡಿಯ ಬದಿಯುಳ್ಳ ಚಚ್ಚೌಕ. ಒಂದು ಎನ್ನುವಲ್ಲಿ ಮಾತ್ರ ಎರಡೂ ಒಂದೇ. ಒಂದು ಅಡಿ ಚದರವೂ ಒಂದು ಚದರ ಅಡಿಯೇ. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲಿಂದಲೇ.

ನಮ್ಮ ಭಾಷೆಯಲ್ಲಿ ಈ ಆಕಾರಕ್ಕೆ ಪದಗಳ ಬಡತನವಿಲ್ಲ. ಚೌಕ, ಚಚ್ಚೌಕ, ಚದರ, ವರ್ಗ ನಾಲ್ಕೂ ಬಳಕೆಯಲ್ಲಿವೆ, ನಾಲ್ಕಕ್ಕೂ ತಮ್ಮ ತಮ್ಮ ಕೆಲಸವಿದೆ. ಮಾತಿನಲ್ಲಿ ‘ಚೌಕ’ ಎಂದರೆ ನಾಲ್ಕು ಮೂಲೆಯುಳ್ಳದ್ದು ಎಂದಷ್ಟೇ ಅರ್ಥ. ನಾಲ್ಕೂ ಬದಿ ಸಮವಾಗಿರಬೇಕೆಂದಿಲ್ಲ. ಯಕ್ಷಗಾನದ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಆ ಹೆಸರಿದ್ದರೂ ಅದು ಸಾಮಾನ್ಯವಾಗಿ ಉದ್ದುದ್ದನೆಯ ಆಯತವೇ. ಬದಿಗಳೂ ಸಮ, ಮೂಲೆಗಳೂ ನೇರ ಎಂದು ಖಚಿತವಾಗಿ ಹೇಳಬೇಕಾದಾಗ ‘ಚಚ್ಚೌಕ’ ಇದೆ. ಇಷ್ಟು ಸೊಗಸಾದ, ಇಷ್ಟು ನಿಖರವಾದ ಪದವನ್ನು ಬರವಣಿಗೆಯಲ್ಲಿ ಬಿಟ್ಟುಕೊಡುತ್ತಿರುವುದು ನಮಗೆ ನಿಜಕ್ಕೂ ಬೇಸರದ ವಿಷಯ. ಶಾಲೆಯ ಗಣಿತದಲ್ಲಿ ‘ವರ್ಗ’ ಎನ್ನುತ್ತಾರೆ. ಅದು ಆಕಾರಕ್ಕೂ ಆಗುತ್ತದೆ, ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸುವುದಕ್ಕೂ ಆಗುತ್ತದೆ. 12ರ ವರ್ಗ 144, 144ರ ವರ್ಗಮೂಲ 12. ಒಂದು ಅಡಿಗೆ 12 ಇಂಚಾದರೆ ಒಂದು ಚದರ ಅಡಿಗೆ 144 ಚದರ ಇಂಚು ಏಕೆ ಎಂಬುದಕ್ಕೆ ಉತ್ತರ ಆ ಪದದಲ್ಲೇ ಇದೆ. ಉದ್ದದ ಅಳತೆಯನ್ನು ಬದಲಿಸುವಾಗ ಒಮ್ಮೆ ಗುಣಿಸಿದರೆ, ವಿಸ್ತೀರ್ಣವನ್ನು ಬದಲಿಸುವಾಗ ಎರಡು ಸಲ ಗುಣಿಸಬೇಕು.

ಇದನ್ನು ಮರೆತಾಗ ಆಗುವ ತಪ್ಪು ಕಚೇರಿ ಕಾಗದಗಳಲ್ಲೂ ಕಾಣುತ್ತದೆ. ಒಂದು ಮೀಟರಿಗೆ 3.28 ಅಡಿ ಎಂದು ಗೊತ್ತಿರುವವರು 1200 ಚದರ ಅಡಿಯನ್ನು 3.28ರಿಂದ ಒಮ್ಮೆ ಭಾಗಿಸಿ 366 ಚದರ ಮೀಟರ್ ಎಂದು ಬರೆದುಬಿಡುತ್ತಾರೆ. ಒಂದು ಚದರ ಮೀಟರಿಗೆ 10.764 ಚದರ ಅಡಿ. ಆದ್ದರಿಂದ ಸರಿಯಾದ ಉತ್ತರ 111.5 ಚದರ ಮೀಟರ್. ಹಾಗೆಯೇ ಒಂದು ಚದರ ಕಿಲೋಮೀಟರ್ ಎಂದರೆ 10 ಲಕ್ಷ ಚದರ ಮೀಟರ್, ಸಾವಿರವಲ್ಲ. ಅದು 100 ಹೆಕ್ಟೇರ್, ಸುಮಾರು 247 ಎಕ್ರೆ. ‘5 ಕಿಲೋಮೀಟರ್ ಸುತ್ತಮುತ್ತ’ ಎಂಬ ಆದೇಶ ಸುದ್ದಿಯಾಗುವಾಗ ‘5 ಚದರ ಕಿಲೋಮೀಟರ್ ವ್ಯಾಪ್ತಿ’ ಆಗಿಬಿಡುತ್ತದೆ. ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ 5 ಕಿಲೋಮೀಟರ್ ಎಂದರೆ 78.5 ಚದರ ಕಿಲೋಮೀಟರ್. ಕಡಲ ತಡಿಯ ಊರಾದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸಮುದ್ರವೇ ಇರುತ್ತದೆ, ನಿಜ. ಆದರೂ ಐದಕ್ಕೂ ಎಪ್ಪತ್ತೆಂಟಕ್ಕೂ ಹೋಲಿಕೆಯಿಲ್ಲ.

‘ಚದರ’ಕ್ಕೆ ಮೂರನೆಯ ಅರ್ಥವೊಂದಿದೆ. ಬೆಂಗಳೂರು, ಮೈಸೂರು ಕಡೆ ಕಟ್ಟಡದ ಮಾತಿನಲ್ಲಿ ಒಂದು ಚದರ ಎಂದರೆ 100 ಚದರ ಅಡಿ. ‘12 ಚದರದ ಮನೆ’ ಎಂದರೆ 1200 ಚದರ ಅಡಿಯ ಮನೆ. ಹೊಯಿಗೆಯನ್ನು 100 ಘನ ಅಡಿಗೆ ಒಂದು ಯೂನಿಟ್ ಎಂದು ಎಣಿಸುವ ಹಾಗೆ ಇದೂ ನೂರರ ಲೆಕ್ಕ. ಅಲ್ಲಿ ಅದು ಸರಿ, ಯಾರಿಗೂ ಗೊಂದಲವಿಲ್ಲ. ಮಂಗಳೂರು-ಉಡುಪಿಯಲ್ಲಿ ಮನೆಯ ಲೆಕ್ಕಕ್ಕೆ ‘ಸ್ಕ್ವೇರ್ ಫೀಟ್’ ಎನ್ನುವುದೇ ರೂಢಿ. ಬೆಂಗಳೂರು, ಮೈಸೂರು ಕಡೆಯಿಂದ ಬಂದ ಗುತ್ತಿಗೆದಾರರು ‘ಚದರಕ್ಕೆ ಇಷ್ಟು’ ಎಂದು ಹೇಳಿದ ದರವನ್ನು ಇಲ್ಲಿಯವರು ಚದರ ಅಡಿಗೆ ಎಂದು ತಿಳಿದರೆ ನೂರು ಪಟ್ಟು ವ್ಯತ್ಯಾಸ. ದರಪಟ್ಟಿಯಲ್ಲಿ ‘ಚದರ’ ಎಂದು ಒಂಟಿಯಾಗಿ ಬರೆಯಲು ಬಿಡಬಾರದು. ‘ಚದರ ಅಡಿಗೆ’ ಅಥವಾ ‘100 ಚದರ ಅಡಿಗೆ’ ಎಂದು ಬಿಡಿಸಿ ಬರೆಸಿಕೊಳ್ಳಬೇಕು.

ಇನ್ನು ಜಾಗದ ವಿಚಾರ. ಘಟ್ಟದ ಮೇಲಿನ ಪಹಣಿಯಲ್ಲಿ ಎಕರೆ-ಗುಂಟೆ, ನಮ್ಮಲ್ಲಿ ಎಕ್ರೆ-ಸೆಂಟ್ಸ್. 1956ರವರೆಗೆ ಈ ಕರಾವಳಿ ಮದ್ರಾಸಿನ ಆಡಳಿತದಲ್ಲಿದ್ದುದರ ಗುರುತು ಅದು. ಎಕ್ರೆಯ ನೂರರಲ್ಲಿ ಒಂದು ಪಾಲು ಒಂದು ಸೆಂಟ್ಸ್, 435.6 ಚದರ ಅಡಿ. ಎಕ್ರೆಯ ನಲವತ್ತರಲ್ಲಿ ಒಂದು ಪಾಲು ಒಂದು ಗುಂಟೆ, 1089 ಚದರ ಅಡಿ, ಅಂದರೆ ಎರಡೂವರೆ ಸೆಂಟ್ಸ್. 435.6 ಎಂಬ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ಅನೇಕರು ಕೇಳುತ್ತಾರೆ. ಎಡ್ಮಂಡ್ ಗುಂಟರ್ ಎಂಬ ಇಂಗ್ಲಿಷ್ ಗಣಿತಜ್ಞ 1620ರ ಸುಮಾರಿಗೆ ರೂಢಿಗೆ ತಂದ ಸರ್ವೆ ಸರಪಳಿಯ ಉದ್ದ 66 ಅಡಿ, ಅದರಲ್ಲಿ 100 ಕೊಂಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚಚ್ಚೌಕ 4356 ಚದರ ಅಡಿ. ಅಂಥವು ಹತ್ತು ಸೇರಿದರೆ ಒಂದು ಎಕ್ರೆ. ಹಾಗಾಗಿ 10 ಸೆಂಟ್ಸ್ ಎಂದರೆ ಸರಿಯಾಗಿ 66 ಅಡಿ ಚದರ. ಗುಂಟೆ ಎಂದರೆ ಸರಿಯಾಗಿ 33 ಅಡಿ ಚದರ. ಇಲ್ಲಿ ‘ಅಡಿ ಚದರ’ ಎಂದು ಹೇಳುವುದು ತಪ್ಪಲ್ಲ, ಅದೇ ಸರಿ. 33 ಅಡಿ ಚದರವನ್ನು ‘33 ಚದರ ಅಡಿ’ ಎಂದರೆ ಗುಂಟೆ ಹೋಗಿ ಸ್ನಾನದ ಕೋಣೆ ಉಳಿಯುತ್ತದೆ.

ಬದಿ ಅರ್ಧವಾದಾಗ ಜಾಗ ಕಾಲಾಗುತ್ತದೆ ಎಂಬುದನ್ನು 66 ಮತ್ತು 33 ತೋರಿಸುತ್ತವೆ: 10 ಸೆಂಟ್ಸಿನ ಕಾಲು ಭಾಗವೇ ಎರಡೂವರೆ ಸೆಂಟ್ಸ್. 5 ಸೆಂಟ್ಸಿನ ಚಚ್ಚೌಕ ಜಾಗದ ಬದಿ 33 ಅಡಿಯಲ್ಲ, 46 ಅಡಿ 8 ಇಂಚು. ಒಂದೇ ಸೆಂಟ್ಸಾದರೆ 20 ಅಡಿ ಹತ್ತೂವರೆ ಇಂಚು. ಅಡಿಕೆ ತೋಟದವರಿಗೆ ಈ ಲೆಕ್ಕ ಬೇರೆ ದಾರಿಯಿಂದ ಪರಿಚಯ. 9 ಅಡಿಗೆ 9 ಅಡಿಯ ಚೌಕ ಪದ್ಧತಿಯಲ್ಲಿ ಒಂದು ಗಿಡಕ್ಕೆ 81 ಚದರ ಅಡಿ, ಎಕ್ರೆಗೆ 538 ಗಿಡ. ಅಂತರವನ್ನು ಒಂದೇ ಅಡಿ ತಗ್ಗಿಸಿ 8ಕ್ಕೆ 8 ಮಾಡಿದರೆ ಗಿಡಕ್ಕೆ 64 ಚದರ ಅಡಿ, ಎಕ್ರೆಗೆ 680. ಒಂದಡಿ ಹತ್ತಿರ ಮಾಡಿದೆವು ಅಷ್ಟೇ ಎಂದುಕೊಂಡರೂ ಗಿಡಗಳ ಸಂಖ್ಯೆ ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ; ಒಂದೊಂದಕ್ಕೆ ಸಿಗುವ ಬಿಸಿಲು, ಗಾಳಿ ಕಡಿಮೆಯಾಗುತ್ತವೆ.

ಈಗ ಅತಿ ಹೆಚ್ಚು ನಷ್ಟ ಮಾಡುವ ತಪ್ಪಿಗೆ ಬರುತ್ತೇವೆ. ನಾಲ್ಕು ಬದಿಗಳ ಅಳತೆ ಗೊತ್ತಿದ್ದರೆ ಜಾಗ ಎಷ್ಟೆಂದು ಗೊತ್ತಾಯಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವುದು ರೂಢಿಯ ಲೆಕ್ಕ. ಜಾಗ ಆಯತವಾಗಿದ್ದರೆ ಮಾತ್ರ ಅದು ಸರಿ. ಬೇರೆ ಯಾವ ಆಕಾರಕ್ಕೂ ಈ ಲೆಕ್ಕ ಇರುವುದಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ, ಎಂದೂ ಕಡಿಮೆ ತೋರಿಸುವುದಿಲ್ಲ. ಅಂದರೆ ಕೊಳ್ಳುವವರಿಗೆ ಯಾವಾಗಲೂ ನಷ್ಟ.

ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಒಂದು ಜಾಗವನ್ನು ತೆಗೆದುಕೊಳ್ಳಿ. ರಸ್ತೆ ಬದಿ 30 ಅಡಿ, ಹಿಂಬದಿ 60 ಅಡಿ, ಒಂದು ಪಕ್ಕದ ಗಡಿ ನೇರವಾಗಿ 40 ಅಡಿ, ಇನ್ನೊಂದು ಪಕ್ಕದ ಗಡಿ ಓರೆಯಾಗಿ 50 ಅಡಿ. ಸರಾಸರಿ ಲೆಕ್ಕದಲ್ಲಿ 30 ಮತ್ತು 60ರ ಸರಾಸರಿ 45, 40 ಮತ್ತು 50ರ ಸರಾಸರಿಯೂ 45. ಗುಣಿಸಿದರೆ 2025 ಚದರ ಅಡಿ, 4.65 ಸೆಂಟ್ಸ್. ನಿಜವಾಗಿ ಇರುವುದು 1800 ಚದರ ಅಡಿ, 4.13 ಸೆಂಟ್ಸ್. ಅರ್ಧ ಸೆಂಟ್ಸಿಗಿಂತ ಹೆಚ್ಚು ಜಾಗ ಕಾಗದದ ಮೇಲೆ ಮಾತ್ರ ಇದೆ. ನಗರದೊಳಗೆ ಅರ್ಧ ಸೆಂಟ್ಸಿನ ಬೆಲೆ ಏನೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಸರಿಯಾದ ದಾರಿ ಕಷ್ಟದ್ದೇನಲ್ಲ. ನಾಲ್ಕು ಬದಿಗಳ ಜೊತೆ ಒಂದು ಕರ್ಣವನ್ನು, ಅಂದರೆ ಒಂದು ಮೂಲೆಯಿಂದ ಎದುರು ಮೂಲೆಗೆ, ಟೇಪು ಹಿಡಿದು ಅಳೆಯಬೇಕು. ಜಾಗ ಎರಡು ತ್ರಿಕೋನಗಳಾಯಿತು. ಮೇಲಿನ ಜಾಗದಲ್ಲಿ ರಸ್ತೆ ಬದಿಯ ಓರೆ ಮೂಲೆಯಿಂದ ಎದುರಿನ ಹಿಂಬದಿ ಮೂಲೆಗೆ ಕರ್ಣ 50 ಅಡಿ ಬರುತ್ತದೆ. ಒಂದು ತ್ರಿಕೋನದ ಬದಿಗಳು 30, 40, 50. ಇನ್ನೊಂದರದು 50, 50, 60. ಪ್ರತಿ ತ್ರಿಕೋನಕ್ಕೂ ಮೂರು ಬದಿಗಳ ಮೊತ್ತದ ಅರ್ಧವನ್ನು ತೆಗೆದು, ಆ ಅರ್ಧದಿಂದ ಒಂದೊಂದು ಬದಿಯನ್ನು ಕಳೆದು, ಬಂದ ಮೂರು ಸಂಖ್ಯೆಗಳನ್ನೂ ಆ ಅರ್ಧವನ್ನೂ ಗುಣಿಸಿ ವರ್ಗಮೂಲ ತೆಗೆದರೆ ವಿಸ್ತೀರ್ಣ ಸಿಗುತ್ತದೆ. ಎರಡನೆಯದಕ್ಕೆ: ಮೊತ್ತ 160, ಅರ್ಧ 80, ಕಳೆದಾಗ 30, 30, 20, ನಾಲ್ಕನ್ನೂ ಗುಣಿಸಿದರೆ 14,40,000, ವರ್ಗಮೂಲ 1200. ಮೊದಲನೆಯದು 600. ಒಟ್ಟು 1800. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಇನ್ನೊಂದು ಕರ್ಣವನ್ನೂ ಅಳೆದು ಮತ್ತೊಮ್ಮೆ ಲೆಕ್ಕ ಹಾಕಿದರೆ ಅಳತೆಯ ತಪ್ಪೂ ಹೊರಬೀಳುತ್ತದೆ. ಎರಡೂ ಉತ್ತರ ಹತ್ತಿರ ಬರಬೇಕು.

ಬದಿಗಳು ನಾಲ್ಕೂ ಸಮವಾಗಿದ್ದರೂ ಸಾಲದು ಎಂಬುದನ್ನು ಮಲ್ಪೆ ಬಂದರಿನಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಕಣ್ಣಾರೆ ನೋಡಬಹುದು. ಸಾಮಾನ್ಯ ಬಲೆಯ ಕಣ್ಣು ವಜ್ರಾಕೃತಿಯದು. ನಾಲ್ಕೂ ಬದಿ ಸಮ, ಆದರೆ ನೀರಿನಲ್ಲಿ ಎಳೆದಾಗ ಆ ಕಣ್ಣು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ. ನೂಲು ಅಷ್ಟೇ ಇದೆ, ಬದಿಯ ಉದ್ದ ಅಷ್ಟೇ ಇದೆ, ತೆರೆದ ಜಾಗ ಮಾತ್ರ ಇಲ್ಲ. ವಜ್ರಾಕೃತಿಯ ಮೂಲೆ 30 ಡಿಗ್ರಿಗೆ ಇಳಿದರೆ ಅದೇ ಬದಿಯ ಚಚ್ಚೌಕದ ಅರ್ಧ ಜಾಗ ಉಳಿಯುತ್ತದೆ. ಅದಕ್ಕಾಗಿಯೇ ಟ್ರಾಲ್ ಬಲೆಯ ತುದಿಯ ಚೀಲಕ್ಕೆ ಚೌಕ ಕಣ್ಣಿನ ಬಲೆ ಹಾಕಿ ಎಂದು ಮೀನುಗಾರಿಕಾ ವಿಜ್ಞಾನಿಗಳು ಹೇಳುತ್ತಾ ಬಂದಿರುವುದು. ಚೌಕ ಕಣ್ಣಿನಲ್ಲಿ ಎರಡು ಬದಿ ಎಳೆಯುವ ದಿಕ್ಕಿಗೇ ಇರುವುದರಿಂದ ಕಣ್ಣು ತೆರೆದೇ ಇರುತ್ತದೆ, ಮರಿಮೀನು ತಪ್ಪಿಸಿಕೊಂಡು ಹೋಗುತ್ತದೆ. ಮರಿಮೀನು ಉಳಿದರೆ ಮುಂದಿನ ವರ್ಷದ ಮೀನು. ಜಾಗದ ನಾಲ್ಕು ಗೂಟಗಳಿಗೂ ಬಲೆಯ ಕಣ್ಣಿಗೂ ಅನ್ವಯಿಸುವುದು ಒಂದೇ ಲೆಕ್ಕ.

ಗುಡ್ಡದ ಜಾಗದಲ್ಲಿ ಇನ್ನೊಂದು ತೊಡಕು. ಸರ್ವೆ ದಾಖಲೆಯ ವಿಸ್ತೀರ್ಣ ಮಟ್ಟಸವಾದ ಅಳತೆಯದು. ಮೇಲಿನಿಂದ ನೋಡಿದರೆ ಎಷ್ಟು ಜಾಗ ಕಾಣುತ್ತದೋ ಅಷ್ಟು. ಇಳಿಜಾರಿನ ಮೇಲೆ ಟೇಪನ್ನು ನೆಲಕ್ಕೆ ಮಲಗಿಸಿ ಅಳೆದರೆ ಹೆಚ್ಚು ಬರುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ 66 ಅಡಿ ಬಂದದ್ದು ದಾಖಲೆಗೆ 57 ಅಡಿ ಮಾತ್ರ. ‘ದಾಖಲೆಯಲ್ಲಿ 10 ಸೆಂಟ್ಸ್, ಅಳೆದರೆ ಹನ್ನೊಂದೂವರೆ ಬಂತು’ ಎಂದು ಹೇಳಿ ಮಾರುವುದುಂಟು, ಅದರ ಮೇಲೆ ನೆರೆಯವರೊಡನೆ ಜಗಳಗಳೂ ಆಗಿವೆ. ಸರಿಯಾಗಿ ಅಳೆಯಲು ಟೇಪನ್ನು ಮಟ್ಟಕ್ಕೆ ಎತ್ತಿ ಹಿಡಿದು, ತುದಿಯಿಂದ ತೂಗುಗುಂಡು ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿ ಗೂಟ ಹಾಕಿ, ಅಲ್ಲಿಂದ ಮುಂದಿನ ತುಂಡು ಅಳೆಯಬೇಕು. ಇಳಿಜಾರು ಕಡಿದಾದಷ್ಟೂ ತುಂಡುಗಳು ಚಿಕ್ಕದಾಗಿರಲಿ. 10-15 ಅಡಿಗಿಂತ ಉದ್ದ ಮಾಡಿದರೆ ಟೇಪು ಜೋತುಬಿದ್ದು ಮತ್ತೆ ತಪ್ಪು ಬರುತ್ತದೆ.

ಹಂಚಿನ ಮಾಡಿಗೆ, ಅಂದರೆ ಛಾವಣಿಗೆ, ಇದು ತಿರುಗುಮುರುಗು. ಅಲ್ಲಿ ಬೇಕಾಗುವುದು ಇಳಿಜಾರಿನ ಮೇಲಿನ ವಿಸ್ತೀರ್ಣ. 1865ರಲ್ಲಿ ಬಾಸೆಲ್ ಮಿಷನ್ನಿನ ಕಾರ್ಖಾನೆಯಿಂದ ಆರಂಭವಾದ ಮಂಗಳೂರು ಹಂಚಿನ ಲೆಕ್ಕ ಊರಿನವರಿಗೇ ತಪ್ಪಬಾರದು. ಒಂದರ ಮೇಲೊಂದು ಕೂತಾಗ ಮುಚ್ಚಿಹೋಗುವ ಅಂಚನ್ನು ಕಳೆದರೆ ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. 25 ಅಡಿಗೆ 40 ಅಡಿಯ ಮನೆ, 1000 ಚದರ ಅಡಿ, ಅಂದರೆ 92.9 ಚದರ ಮೀಟರ್, 1400 ಹಂಚು ಸಾಕು ಎಂದುಕೊಂಡರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸುತ್ತಲೂ 2 ಅಡಿ ಮಾಡು ಹೊರಚಾಚಿದ್ದರೆ ಅಳತೆ 29ಕ್ಕೆ 44, 1276 ಚದರ ಅಡಿ. ಇಳಿಜಾರು 30 ಡಿಗ್ರಿ, ಅಂದರೆ ಒಂದು ಅಡಿಗೆ ಸುಮಾರು 7 ಇಂಚು ಏರಿಕೆ, ಆಗಿದ್ದರೆ ಅದನ್ನು 1.155ರಿಂದ ಗುಣಿಸಬೇಕು; ಸುಮಾರು 1474 ಚದರ ಅಡಿ, 137 ಚದರ ಮೀಟರ್, 2050 ಹಂಚು. ಒಡೆಯುವುದಕ್ಕೂ ಕತ್ತರಿಸುವುದಕ್ಕೂ ಸ್ವಲ್ಪ ಹೆಚ್ಚು. ಮೂಲೆಯ ಹಂಚು, ಮುಚ್ಚಿಗೆಯ ಹಂಚು ಬೇರೆ. ಮಾಡು ಎರಡು ಪಕ್ಕಕ್ಕೆ ಇಳಿದಿರಲಿ, ನಾಲ್ಕು ಪಕ್ಕಕ್ಕೆ ಇಳಿದಿರಲಿ, ಇಳಿಜಾರು ಒಂದೇ ಆಗಿದ್ದರೆ ವಿಸ್ತೀರ್ಣ ಬದಲಾಗುವುದಿಲ್ಲ. ನಾಲ್ಕು ಪಕ್ಕದ ಮಾಡಿನಲ್ಲಿ ಓರೆಗೆ ಕತ್ತರಿಸುವ ನಷ್ಟ ಮಾತ್ರ ಹೆಚ್ಚು.

ಅದೇ ಮಾಡಿನ ಮಳೆನೀರು ಹಿಡಿಯುವ ಲೆಕ್ಕಕ್ಕೆ ಬಂದರೆ ಇಳಿಜಾರನ್ನು ಮರೆಯಬೇಕು. ಮಳೆ ಬೀಳುವುದು ಮಟ್ಟಸ ಅಳತೆಯ ಮೇಲೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಮೇಲಿನ ಮಾಡಿನ ಮಟ್ಟಸ ಅಳತೆ 118.5 ಚದರ ಮೀಟರ್. ಮಳೆಗಾಲದ ಆಟಿ ತಿಂಗಳಲ್ಲಿ ಒಂದು ದಿನ 100 ಮಿಲಿಮೀಟರ್ ಹೊಡೆದರೆ 11,850 ಲೀಟರ್. ಟ್ಯಾಂಕಿಗೂ ಮಾಡಿನಂಚಿನ ನೀರು ಹಿಡಿಯುವ ದಂಬೆಗೂ ಈ ಸಂಖ್ಯೆ ಬೇಕು, ಹಂಚಿನ ಸಂಖ್ಯೆಯಲ್ಲ.

ಆಕಾರವಾಗಿ ಚೌಕವನ್ನು ನೆಲದ ಮೇಲೆ ತರುವ ಕೆಲಸವೂ ಅಷ್ಟೇ ಜಾಗ್ರತೆ ಬೇಡುತ್ತದೆ. ಪಂಚಾಂಗಕ್ಕೆ, ಅಂದರೆ ಮನೆಯ ಅಡಿಪಾಯಕ್ಕೆ, ನೂಲು ಕಟ್ಟುವಾಗ ಮೇಸ್ತ್ರಿಗಳು 3-4-5ರ ಲೆಕ್ಕ ಹಿಡಿಯುತ್ತಾರೆ. ಮೂಲೆಯಿಂದ ಒಂದು ನೂಲಿನಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ ನಡುವೆ 5 ಅಡಿ ಬಂದರೆ ಮೂಲೆ ನೇರ. ಲೆಕ್ಕ ಸರಿ, ಅಳತೆ ಚಿಕ್ಕದಾಯಿತು. ಆ 5 ಅಡಿಯಲ್ಲಿ ಅರ್ಧ ಇಂಚು ತಪ್ಪಿದರೆ ಮೂಲೆ ಒಂದು ಡಿಗ್ರಿ ಓಡುತ್ತದೆ. 40 ಅಡಿ ಗೋಡೆಯ ತುದಿಗೆ ಹೋಗುವಾಗ ಅದು 8 ಇಂಚಿಗೂ ಹೆಚ್ಚು. ಅದೇ 9-12-15 ಹಿಡಿದರೆ ಅರ್ಧ ಇಂಚಿನ ತಪ್ಪು 40 ಅಡಿಗೆ 3 ಇಂಚಿನೊಳಗೆ ಉಳಿಯುತ್ತದೆ. ದೊಡ್ಡ ತ್ರಿಕೋನ ಹಿಡಿಯಲು ಎರಡು ನಿಮಿಷ ಹೆಚ್ಚು ಸಾಕು. ಆಮೇಲೆ ಎರಡೂ ಕರ್ಣ ಅಳೆಯಲೇಬೇಕು. 25ಕ್ಕೆ 40ರ ಮನೆಗೆ ಕರ್ಣ 47 ಅಡಿ 2 ಇಂಚು, ಎರಡೂ ಕಡೆ. ಎದುರುಬದುರು ಬದಿಗಳು ಸಮವಿದ್ದು ಕರ್ಣಗಳೂ ಸಮವಾದರೆ ಮಾತ್ರ ನಾಲ್ಕೂ ಮೂಲೆ ನೇರ. ಕರ್ಣಗಳು ಮಾತ್ರ ಸಮವಿದ್ದರೆ ಸಾಲದು, ಮುಂಬದಿ ಕಿರಿದಾಗಿ ಹಿಂಬದಿ ಅಗಲವಾದ ಆಕಾರಕ್ಕೂ ಕರ್ಣ ಸಮ ಬರಬಹುದು. ಪಂಚಾಂಗದಲ್ಲಿ ಉಳಿದ ಓರೆ ಮುರಕಲ್ಲು ಕಟ್ಟುವಾಗ ಕಾಣುವುದಿಲ್ಲ. ನೆಲಕ್ಕೆ ಟೈಲ್ಸ್ ಹಾಸುವ ದಿನ ಗೋಡೆಯ ಬುಡದಲ್ಲಿ ಒಂದು ಕಡೆ 2 ಇಂಚು, ಇನ್ನೊಂದು ಕಡೆ ಅರ್ಧ ಇಂಚಿನ ಚೂರುಗಳಾಗಿ ಎದ್ದು ಕಾಣುತ್ತದೆ, ಆಗ ಮಾಡಲಿಕ್ಕೇನೂ ಇರುವುದಿಲ್ಲ.

ಟೈಲ್ಸಿನ ಮಾತು ಬಂತು. ‘ಎರಡಡಿಗೆ ಎರಡಡಿ’ ಎಂದು ಕರೆಯುವ ಟೈಲ್ಸ್ ನಿಜವಾಗಿ 600 ಮಿಲಿಮೀಟರಿನದು, ಎರಡಡಿಗಿಂತ ಸುಮಾರು ಒಂದು ಸೆಂಟಿಮೀಟರ್ ಕಡಿಮೆ. ನಾಲ್ಕರ ಪೆಟ್ಟಿಗೆ 16 ಚದರ ಅಡಿಯಲ್ಲ, ಹದಿನೈದೂವರೆ. 1000 ಚದರ ಅಡಿಗೆ 63 ಪೆಟ್ಟಿಗೆ ಎಂದು ತಂದರೆ ನಷ್ಟದ ಲೆಕ್ಕಕ್ಕೆ ಮೊದಲೇ ಎರಡು ಪೆಟ್ಟಿಗೆ ಕಡಿಮೆ. ನೇರವಾಗಿ ಹಾಸಲು ನೂರಕ್ಕೆ 5, ಓರೆಗೆ ಹಾಸಲು 10 ಅಥವಾ ಅದಕ್ಕಿಂತ ಹೆಚ್ಚು ಸೇರಿಸಿ ಒಟ್ಟಿಗೇ ತರಬೇಕು. ಆಮೇಲೆ ತಂದ ಪೆಟ್ಟಿಗೆಯ ಬಣ್ಣ ಮೊದಲಿನದಕ್ಕೆ ಹೊಂದುವ ಭರವಸೆಯಿಲ್ಲ.

ಕೋಣೆಯ ವಿಸ್ತೀರ್ಣವನ್ನು ಒಳಗಿನಿಂದ ಅಳೆದರೇ ಹೊರಗಿನಿಂದ ಅಳೆದರೇ ಎಂಬುದನ್ನೂ ಕೇಳಬೇಕು. ಒಳಗೆ 10 ಅಡಿ ಚದರವಿರುವ ಒಂಟಿ ಕೋಣೆಗೆ 9 ಇಂಚಿನ ಗೋಡೆ ಸುತ್ತಲೂ ಬಂದರೆ ಹೊರಗಿನ ಅಳತೆ ಹನ್ನೊಂದೂವರೆ ಅಡಿ ಚದರ, 132 ಚದರ ಅಡಿ. ಮೂರನೇ ಒಂದು ಭಾಗದಷ್ಟು ಗೋಡೆಯೇ ಸೇರಿತು. ಫ್ಲ್ಯಾಟ್ ಕೊಳ್ಳುವವರು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ವಿವರಿಸುವ ಕಾರ್ಪೆಟ್ ಏರಿಯಾವನ್ನು ಕೇಳಿ ಪಡೆಯಲಿ. ಅದರಲ್ಲಿ ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ.

‘ಚದರ’ ಎಂಬ ಪದವನ್ನು ಬಿಟ್ಟುಬಿಟ್ಟು ಆಗುವ ತಪ್ಪುಗಳೂ ಇವೆ. ‘ಎರಡೂವರೆ ಎಂಎಂ ವೈರ್’ ಎಂದು ಎಲ್ಲರೂ ಕೇಳುವುದು ವಾಸ್ತವದಲ್ಲಿ 2.5 ಚದರ ಮಿಲಿಮೀಟರಿನದು. ಒಳಗಿನ ತಾಮ್ರದ ದಪ್ಪ 1.8 ಮಿಲಿಮೀಟರಿನ ಆಸುಪಾಸು. ಅಳತೆಗೋಲು ಹಿಡಿದು ಎರಡೂವರೆ ಮಿಲಿಮೀಟರ್ ಇಲ್ಲವೆಂದು ಅಂಗಡಿಯವರ ಮೇಲೆ ರೇಗಬೇಕಾಗಿಲ್ಲ. ಕಬ್ಬಿಣದ ಸರಳಿನಲ್ಲಿ ಇದು ಪ್ರಾಣಾಪಾಯದ ವಿಷಯ. ಸರಳಿನ ಬಲವೂ ತೂಕವೂ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತವೆ. ಮಿಲಿಮೀಟರಿನಲ್ಲಿರುವ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 8ರ ಸರಳು ಮೀಟರಿಗೆ 0.395 ಕಿಲೋ, 16ರದು 1.58 ಕಿಲೋ. 16ರ ಸರಳು ಸಿಗಲಿಲ್ಲವೆಂದು 8ರ ಎರಡು ಹಾಕಿದರೆ ತೊಲೆಗೆ ಅರ್ಧ ಕಬ್ಬಿಣವಷ್ಟೇ ಹೋಯಿತು. ನಾಲ್ಕು ಬೇಕು, ಅದೂ ನಕ್ಷೆ ಮಾಡಿದ ಎಂಜಿನಿಯರ್ ಒಪ್ಪಿದ ಮೇಲೆ.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟು. ಸುದ್ದಿಯಲ್ಲಾಗಲಿ ಜಾಹೀರಾತಿನಲ್ಲಾಗಲಿ ವಿಸ್ತೀರ್ಣ ಬಂದಾಗ ‘ಚದರ ಅಡಿ’, ‘ಚದರ ಮೀಟರ್’ ಎಂದು ಪೂರ್ತಿ ಬರೆಯಿಸಿ. ‘ಚ.’ ಎಂಬ ಒಂದಕ್ಷರದ ಚುಟುಕು ‘ಚದರ’ವೋ ‘ಚೌಕ’ವೋ ತಿಳಿಯುವುದಿಲ್ಲ. ಆಕಾರ ಹೇಳಬೇಕಾದಲ್ಲಿ ‘20 ಅಡಿ ಉದ್ದ, 20 ಅಡಿ ಅಗಲ’ ಎಂದೋ ‘20 ಅಡಿಯ ಚಚ್ಚೌಕ’ ಎಂದೋ ಬರಲಿ. ಘಟ್ಟದ ಮೇಲಿನ ಸುದ್ದಿಯಲ್ಲಿ ಗುಂಟೆ ಬಂದರೆ ಪಕ್ಕದಲ್ಲಿ ಸೆಂಟ್ಸ್ ಎಷ್ಟೆಂದು ಹಾಕಿ. ಎರಡೂವರೆಯಿಂದ ಗುಣಿಸಿದರೆ ಮುಗಿಯಿತು. ಜಾಗ ಮಾರಾಟದ ಜಾಹೀರಾತಿನ ನಮೂನೆಯಲ್ಲಿ ನಾಲ್ಕು ಬದಿಗಳ ಜೊತೆ ‘ಕರ್ಣ’ ಎಂಬ ಇನ್ನೊಂದು ಖಾಲಿ ಸ್ಥಳ ಇಟ್ಟರೆ ಅರ್ಧ ಸಾಲೂ ಹೆಚ್ಚಾಗುವುದಿಲ್ಲ. ಅದನ್ನು ತುಂಬದೆ ಬಿಟ್ಟ ಜಾಹೀರಾತು ಕಂಡರೆ ಕೊಳ್ಳುವವರು ಟೇಪು ಹಿಡಿದುಕೊಂಡೇ ಜಾಗ ನೋಡಲು ಹೋಗುತ್ತಾರೆ.

ಇಂತಿ,
ಸರ್ವೆ ಹಾಗೂ ಕಟ್ಟಡ ನಕ್ಷೆಯ ಕೆಲಸದಲ್ಲಿರುವ ಓದುಗರು,
ಮಂಗಳೂರು ಮತ್ತು ಉಡುಪಿ